ಮಿಲ್ವಾಕಿಯಿಂದ ಮ್ಯಾಡಿಸನ್‌ಗೆ: ಮಟಿಲ್ಡೆ ಆನೆಕೆ ಕಾಗದಗಳ ಬೆನ್ನು ಹತ್ತಿ

ವಿಸ್ಕಾನ್ಸಿನ್ ಅಂದ್ರೆ ನಮ್ಮ ಶಿಕಾಗೋ ಕಡೆ ಕನ್ನಡದವರಿಗೆ ವಾಟರ್ ಪಾರ್ಕು, ಚೀಸು, ಡೋರ್ ಕೌಂಟಿ ಚೆರ್ರಿ, ಅಷ್ಟೇ. ನಾನು ಈ ಜುಲೈನಲ್ಲಿ ಹೋಗಿದ್ದು ನೂರೈವತ್ತು ವರ್ಷದ ಹಿಂದಿನ ಕಾಗದಗಳನ್ನ ನೋಡೋಕೆ ಅಂದಾಗ ಮನೇಲಿ ಮಕ್ಕಳು ಬರಲ್ಲ ಅಂದ್ಬಿಟ್ರು, ಗಂಡನಿಗೆ ರಜೆ ಇಲ್ಲ, ಕೊನೆಗೆ ಜೊತೆಗೆ ಬಂದಿದ್ದು ನಮ್ಮತ್ತೆ. ಶಿವಮೊಗ್ಗದಲ್ಲಿ ಹೈಸ್ಕೂಲಲ್ಲಿ ಕನ್ನಡ ಪಾಠ ಹೇಳಿ ರಿಟೈರ್ ಆದವರು, ಇಲ್ಲಿ ಆರು ತಿಂಗಳ ವೀಸಾದಲ್ಲಿ ಬಂದು ಮನೇಲಿ ಕೂತು ಬೇಜಾರಾಗಿತ್ತು. "ಯಾರಮ್ಮ ಆ ಹೆಂಗಸು?" ಅಂದ್ರು. ಮಟಿಲ್ಡೆ ಫ್ರಾಂಜಿಸ್ಕಾ ಆನೆಕೆ, ಜರ್ಮನಿಯಿಂದ ಬಂದು ಇಲ್ಲಿ ಹೆಂಗಸರ ಹಕ್ಕಿಗೆ ಹೋರಾಡಿದವಳು ಅಂದೆ. "ಆನೆ ಅಂತ ನೆನಪಿಟ್ಕೋತೀನಿ ಬಿಡು" ಅಂತ ಸ್ವೆಟರ್ ಬ್ಯಾಗಿಗೆ ತುಂಬಿದ್ರು, ಜುಲೈನಲ್ಲಿ.

ಗುರುವಾರ

ಮನೆ ಬಿಟ್ಟಾಗಲೇ ಹತ್ತು ಗಂಟೆ. ಐ-94 ಹಿಡಿದು ಉತ್ತರಕ್ಕೆ ಹೋದ್ರೆ ಮಿಲ್ವಾಕಿ, ಶಿಕಾಗೋದಿಂದ ಸುಮಾರು 90 ಮೈಲಿ, ಟ್ರಾಫಿಕ್ ಇಲ್ಲದಿದ್ರೆ ಒಂದೂವರೆ ಗಂಟೆ, ಇದ್ರೆ ದೇವರೇ ಗತಿ. ದಾರೀಲಿ ಅತ್ತೆಗೆ ಕಥೆ ಶುರು ಮಾಡಿದೆ.

ಈಕೆ ಹುಟ್ಟಿದ್ದು 1817ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಕಡೆ. ಹತ್ತೊಂಬತ್ತಕ್ಕೆ ಮದುವೆ, ಗಂಡ ಕುಡುಕ, ಹೊಡೀತಿದ್ದ, ಚಿಕ್ಕ ಮಗಳನ್ನ ಎತ್ಕೊಂಡು ಬಿಟ್ಟು ಬಂದಳು, ಡೈವೋರ್ಸ್ ಕೇಸು ವರ್ಷಗಟ್ಟಲೆ ನಡೀತು. ಕಾನೂನು ಹೆಂಗಸಿಗೆ ಏನು ಕೊಡುತ್ತೆ ಏನು ಕೊಡಲ್ಲ ಅನ್ನೋದನ್ನ ಆಕೆ ಪುಸ್ತಕ ಓದಿ ಕಲಿತಿದ್ದಲ್ಲ, ಕೋರ್ಟಿಗೆ ಅಲೆದು ಕಲಿತಿದ್ದು. ಆಮೇಲೆ 1847ರಲ್ಲಿ ಫ್ರಿಟ್ಸ್ ಆನೆಕೆ ಅನ್ನೋ ಕ್ರಾಂತಿಕಾರಿ ಮಿಲಿಟರಿ ಮನುಷ್ಯನ ಜೊತೆ ಮದುವೆ, ಇಬ್ಬರೂ ಕಲೋನ್ ಊರಲ್ಲಿ ಪತ್ರಿಕೆ ತರೋಕೆ ಹೊರಟ್ರು, ಅವನು 1848ರಲ್ಲಿ ಜೈಲಿಗೆ ಹೋದಾಗ ಈಕೆ ಬಸುರಿ, ಹೆರಿಗೆ ಆದ ಸ್ವಲ್ಪ ದಿನಕ್ಕೇ ತಾನೇ ಪತ್ರಿಕೆ ಶುರು ಮಾಡಿ ನಡೆಸಿದಳು, ಸರ್ಕಾರ ಅದನ್ನ ಮುಚ್ಚಿಸಿದಾಗ 'ಫ್ರಾವೆನ್ ತ್ಸೈಟುಂಗ್' ಅಂತ ಹೆಂಗಸರ ಪತ್ರಿಕೆ ಅಂತ ಹೆಸರಿಟ್ಟು ಅದನ್ನೇ ಮುಂದುವರಿಸಿದಳು, ಅದೂ ಬಂದ್. 1849ರಲ್ಲಿ ಜರ್ಮನಿಯ ಬಾಡೆನ್ ಪ್ರಾಂತ್ಯದಲ್ಲಿ ರಾಜಪ್ರಭುತ್ವದ ವಿರುದ್ಧ ಎದ್ದ ದಂಗೆಯಲ್ಲಿ ಗಂಡನ ಪಕ್ಕ ಕುದುರೆ ಮೇಲೆ ಕೂತು ಯುದ್ಧಭೂಮಿಗೂ ಹೋದಳು. ದಂಗೆ ಸೋತಿತು. ದಂಗೆ ಅಡಗಿಸಿದ ಪ್ರಷ್ಯಾ ಸೈನ್ಯದ ಕೈಗೆ ಸಿಕ್ರೆ ಗುಂಡೇ ಗತಿ ಅಂತ ಸ್ವಿಟ್ಜರ್‌ಲ್ಯಾಂಡು, ಫ್ರಾನ್ಸು ದಾಟಿ ಹಡಗು ಹತ್ತಿ ಇಲ್ಲಿಗೆ ಬಂದ್ರು. ಇಲ್ಲಿಯವರು ಇಂಥ ಜರ್ಮನರನ್ನೆಲ್ಲ ಒಟ್ಟಾಗಿ ಫಾರ್ಟಿ-ಏಯ್ಟರ್ಸ್, ಅಂದ್ರೆ 1848ರ ಕ್ರಾಂತಿಯವರು, ಅಂತಾರೆ.

"ಬಾಣಂತನದಲ್ಲಿ ಪೇಪರ್ರು, ಆಮೇಲೆ ಕುದುರೆ" ಅಂತ ಅತ್ತೆ ಅಷ್ಟೇ ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ರು.

ಮಧ್ಯಾಹ್ನ ಮಿಲ್ವಾಕಿ. ನದಿ ಪಕ್ಕ ಮೊದಲು ಓಲ್ಡ್ ವರ್ಲ್ಡ್ ಥರ್ಡ್ ಸ್ಟ್ರೀಟ್ ಅಂತಿದ್ರಲ್ಲ, ಈಗ ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್, ಆ ಕಡೆ ಗಾಡಿ ನಿಲ್ಲಿಸಿ ನಡೆದ್ವಿ, ಸಾಸೇಜ್ ಅಂಗಡಿ, ಬಿಯರ್ ಹಾಲ್‌ಗಳು, ಕೆಂಪು ಇಟ್ಟಿಗೆ ಮತ್ತೆ ಇಲ್ಲಿಯದೇ ತಿಳಿ ಹಳದಿ ಇಟ್ಟಿಗೆಯ ಕಟ್ಟಡಗಳು. ಒಂದು ಕಾಲಕ್ಕೆ ಈ ಊರನ್ನ ಜರ್ಮನ್ ಅಥೆನ್ಸ್ ಅಂತಿದ್ರಂತೆ, ಸ್ಕೂಲು, ನಾಟಕ, ಪತ್ರಿಕೆ, ಸಂಗೀತ ಎಲ್ಲಾ ಜರ್ಮನ್‌ನಲ್ಲೇ. ಸಸ್ಯಾಹಾರಿಗಳಿಗೆ ಸಿಕ್ಕಿದ್ದು ಪ್ರೆಟ್ಜೆಲ್ಲು, ಆಲೂಗೆಡ್ಡೆ ಪ್ಯಾನ್‌ಕೇಕು. ಪ್ಯಾನ್‌ಕೇಕಿಗೆ ಅತ್ತೆ ತಾವು ತಂದಿದ್ದ ಉಪ್ಪಿನಕಾಯಿ ಹಚ್ಚಿದ್ರು, ನಿಜ ಹೇಳ್ಬೇಕಂದ್ರೆ ಅವರು ಕೊಟ್ಟ ಆಪಲ್ ಸಾಸ್‌ಗಿಂತ ಚೆನ್ನಾಗಿತ್ತು.

ಸಂಜೆ ಮೊದಲು ಫೋರ್ತ್ ಸ್ಟ್ರೀಟ್ ಅಂತಿದ್ದ, ಈಗಿನ ವೆಲ್ ಫಿಲಿಪ್ಸ್ ಅವೆನ್ಯೂನಲ್ಲಿರೋ ಟರ್ನರ್ ಹಾಲ್ ಹೊರಗಡೆಯಿಂದ ನೋಡಿದ್ವಿ, 1880ರ ದಶಕದ ಕಟ್ಟಡ, ಜರ್ಮನರ ವ್ಯಾಯಾಮ ಸಂಘದ್ದು, ಗರಡಿಮನೆ ಪ್ಲಸ್ ರಾಜಕೀಯ ಪ್ಲಸ್ ಬಿಯರು. ಆನೆಕೆ ಪತ್ರಿಕೆ ಮಾಡಿದ ಜಾಗ ಯಾವುದೂ ಉಳಿದಿಲ್ಲ. ಆದ್ರೆ ಆ ಕಥೆ ಇಲ್ಲೇ ಹೇಳ್ಬೇಕು. 1852ರ ಮಾರ್ಚಲ್ಲಿ ಮಿಲ್ವಾಕಿಯಲ್ಲಿ 'ಡಾಯ್ಚೆ ಫ್ರಾವೆನ್ ತ್ಸೈಟುಂಗ್' ಶುರು ಮಾಡಿದಳು, ಅಮೆರಿಕದಲ್ಲಿ ಹೆಂಗಸೊಬ್ಬಳು ತಂದ ಮೊದಲ ಜರ್ಮನ್ ಸ್ತ್ರೀವಾದಿ ಪತ್ರಿಕೆ. ಅಚ್ಚುಮೊಳೆ ಜೋಡಿಸೋಕೆ ಹುಡುಗಿಯರನ್ನ ಇಟ್ಕೊಂಡಳು. ಅಷ್ಟಕ್ಕೇ ಗಂಡಸು ಅಚ್ಚುಮೊಳೆಯವರೆಲ್ಲ ಯೂನಿಯನ್ ಕಟ್ಕೊಂಡು ಹೆಂಗಸರಿಗೆ ಕೆಲಸ ಕೊಡಬಾರದು ಅಂತ ಕೂತ್ರು. ಇವರಲ್ಲಿ ಬಹಳ ಜನ ಪ್ರಗತಿಪರರು, ರಾಜನ ವಿರುದ್ಧ ಮಾತಾಡಿದವರು ಅನ್ನೋದನ್ನ ಮರೀಬೇಡಿ! ಆಕೆ ಪೂರ್ವದ ಊರುಗಳಲ್ಲಿ ಜರ್ಮನ್‌ನಲ್ಲೇ ಭಾಷಣ ಮಾಡ್ತಾ ದುಡ್ಡು ಕೂಡಿಸಿ, ಪತ್ರಿಕೆಯನ್ನ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ತಗೊಂಡು ಹೋದಳು.

ಅಲ್ಲೇ 1853ರ ಸೆಪ್ಟೆಂಬರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಟ್ಯಾಬರ್ನಕಲ್‌ನಲ್ಲಿ ಹೆಂಗಸರ ಹಕ್ಕಿನ ಸಮಾವೇಶ, ಪುಂಡರು ನುಗ್ಗಿ ಗಲಾಟೆ ಮಾಡಿದ್ದಕ್ಕೆ ಅದಕ್ಕೆ ಮಾಬ್ ಕನ್ವೆನ್ಷನ್ ಅಂತಲೇ ಹೆಸರು ಬಿತ್ತು. ಅದೇ ಸಭೆಯಲ್ಲಿ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಸೋಜರ್ನರ್ ಟ್ರೂತ್ ಕೂಡ ಮಾತಾಡಿದ್ರು. ಮಟಿಲ್ಡೆಗೆ ಇಂಗ್ಲಿಷ್ ಬರಲ್ಲ, ಆಕೆ ಜರ್ಮನ್‌ನಲ್ಲಿ ಮಾತಾಡೋದು, ಪೋಲೆಂಡಿಂದ ಬಂದ ಯಹೂದಿ ಹೆಂಗಸು ಅರ್ನೆಸ್ಟೀನ್ ರೋಸ್ ಅದನ್ನ ಇಂಗ್ಲಿಷಲ್ಲಿ ಹೇಳೋದು, ಕೆಳಗಡೆಯಿಂದ ಕೂಗಾಟ. ನಾನು ಮೊದಲ ಸಲ ಆಫೀಸಲ್ಲಿ ಇಪ್ಪತ್ತು ಜನರ ಮುಂದೆ ಮಾತಾಡಿದಾಗ ಒಬ್ಬ "ಸಾರಿ, ಏನಂದ್ರಿ?" ಅಂತ ಮೂರು ಸಲ ಕೇಳಿದ್ದಕ್ಕೇ ವಾರಗಟ್ಟಲೆ ಮನಸ್ಸಲ್ಲಿ ಕೊರೀತಿತ್ತು. ಅತ್ತೆ 1853 ಅಂತ ಕೇಳಿ ತಲೆ ಎತ್ತಿದ್ರು, "ಅದೇ ವರ್ಷ ಕಣೇ ಕಿಟೆಲ್ಲು ನಮ್ಮ ಕಡೆ ಬಂದಿದ್ದು" ಅಂದ್ರು. ಅವರಿಗೆ ಜರ್ಮನ್ ಅಂದ್ರೆ ಕಿಟೆಲ್ ಒಬ್ಬರೇ.

ಶುಕ್ರವಾರ

ಬೆಳಿಗ್ಗೆ ಫಾರೆಸ್ಟ್ ಹೋಮ್ ಸ್ಮಶಾನ. ಬೆಳಿಗ್ಗೆ ಬೆಳಿಗ್ಗೆ ಸ್ಮಶಾನಕ್ಕೆ ಹೋಗೋದಾ ಅಂತ ಅತ್ತೆ ಮುಖ ಗಂಟು ಹಾಕಿದ್ರು, ಒಳಗೆ ಹೋದ ಮೇಲೆ ಮರ, ಹುಲ್ಲು, ಕೆರೆ ನೋಡಿ ಇದು ಪಾರ್ಕ್ ಥರ ಇದೆಯಲ್ಲ ಅಂದ್ರು, ಆದ್ರೂ ಹೋಟೆಲ್ಲಿಗೆ ಬಂದು ತಲೆಗೆ ಸ್ನಾನ ಮಾಡಿದ್ರು. ಇದು 1850ರ ಸ್ಮಶಾನ. ಮಿಲ್ವಾಕಿ ಬಿಯರ್ ದೊರೆಗಳಲ್ಲಿ ಹಲವರು ಇಲ್ಲೇ ಮಲಗಿದಾರೆ, ಪಾಬ್ಸ್ಟ್, ಬ್ಲಾಟ್ಸ್. ಶ್ಲಿಟ್ಸ್ ಹೆಸರಲ್ಲಿ ದೊಡ್ಡ ಸ್ಮಾರಕ ಇದೆ ಆದ್ರೆ ಅದರ ಕೆಳಗೆ ಯಾರೂ ಇಲ್ಲ, ಆ ಮನುಷ್ಯ 1875ರಲ್ಲಿ ಹಡಗು ಮುಳುಗಿ ಸತ್ತ. ಟೈಪ್‌ರೈಟರ್ ಮಾಡಿದ ಶೋಲ್ಸ್ ಕೂಡ ಇದೇ ಸ್ಮಶಾನದಲ್ಲಿ.

1884ರ ನವೆಂಬರಲ್ಲಿ ತೀರಿಕೊಂಡ ಮಟಿಲ್ಡೆಯನ್ನೂ ಇಲ್ಲೇ ಮಣ್ಣು ಮಾಡಿದ್ದು. ಹೆಂಗಸರಿಗೆ ವೋಟು ಬೇಕು ಅಂತ ಜೀವ ತೇದವಳು ಬಿಯರ್ ದೊರೆಗಳ ನೆರೆಯಲ್ಲಿ! ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜರ್ಮನ್ ಹೆಂಗಸರ ಕಷ್ಟ ಪೂರ್ತಿ ಇಲ್ಲೇ ಇದೆ. ಅಮೆರಿಕದಲ್ಲಿ ವೋಟು ಕೇಳೋ ಹೆಂಗಸರಲ್ಲಿ ಬಹಳ ಜನ ಚರ್ಚಿನವರು, ಸಾರಾಯಿ ನಿಲ್ಲಿಸಬೇಕು ಅನ್ನೋರು. ಜರ್ಮನರಿಗೆ ಭಾನುವಾರ ಅಂದ್ರೆ ಹೆಂಡತಿ ಮಕ್ಕಳ ಸಮೇತ ಬಿಯರ್ ಗಾರ್ಡನ್ನು, ಬ್ಯಾಂಡು. ಹೆಂಗಸರಿಗೆ ವೋಟು ಕೊಟ್ರೆ ಮೊದಲ ಕೆಲಸ ನಮ್ಮ ಬಿಯರ್ ನಿಲ್ಲಿಸೋದು ಅಂತ ಜರ್ಮನ್ ಗಂಡಸರು, ಬಿಯರ್ ಕಂಪನಿಗಳು ಗಟ್ಟಿಯಾಗಿ ನಂಬಿದ್ರು. ಮಟಿಲ್ಡೆ ಥರದವರು ದೇವರು ಚರ್ಚು ಎರಡನ್ನೂ ಒಪ್ಪದ ಫ್ರೀಥಿಂಕರ್ಸ್. ಅಂದ್ರೆ ಅಮೆರಿಕನ್ ಗೆಳತಿಯರ ಮಧ್ಯೆ ಈಕೆ ನಾಸ್ತಿಕಳು, ವಿದೇಶಿ. ಜರ್ಮನ್ ಗಂಡಸರ ಮಧ್ಯೆ ಬಿಯರ್ ಶತ್ರುಗಳ ಗೆಳತಿ. ಎರಡೂ ಕಡೆ ಬೈಗುಳ. ವಿಸ್ಕಾನ್ಸಿನ್‌ನಲ್ಲಿ 1912ರಲ್ಲಿ ಹೆಂಗಸರ ವೋಟಿನ ಬಗ್ಗೆ ಜನಮತ ಕೇಳಿದಾಗಲೂ ಸೋತಿತು, ಬಿಯರ್ ಕಂಪನಿಗಳು ಅದರ ವಿರುದ್ಧ ಜೋರಾಗಿ ಕೆಲಸ ಮಾಡಿದ್ವು. ಆಮೇಲೆ 1919ರ ಜೂನ್ 10ಕ್ಕೆ ಇದೇ ರಾಜ್ಯ, ದೇಶದಲ್ಲೆಲ್ಲ ಹೆಂಗಸರಿಗೆ ವೋಟು ಕೊಡೋ ಸಂವಿಧಾನದ ಹತ್ತೊಂಬತ್ತನೇ ತಿದ್ದುಪಡಿಗೆ ಮೊದಲು ಒಪ್ಪಿಗೆ ಕೊಟ್ಟ ರಾಜ್ಯ ಅಂತ ಹೆಸರು ತಗೊಳ್ತು. ರಾಜಕೀಯ!

ಮಧ್ಯಾಹ್ನ ಕತೀಡ್ರಲ್ ಸ್ಕ್ವೇರ್. ಈಗ ಅಲ್ಲಿ ಬೆಂಚು, ಮರ, ಲಂಚ್ ತಿನ್ನೋ ಆಫೀಸ್ ಹುಡುಗರು. ಆಗ ಅಲ್ಲಿ ಕೋರ್ಟು, ಜೈಲು ಇತ್ತು. 1854ರ ಮಾರ್ಚಲ್ಲಿ ಮಿಸೌರಿಯಿಂದ ತಪ್ಪಿಸಿಕೊಂಡು ಬಂದ ಜೋಶುವಾ ಗ್ಲೋವರ್ ಅನ್ನೋ ಗುಲಾಮನನ್ನ ಹಿಡಿದು ಇಲ್ಲಿ ಹಾಕಿದ್ರು, ಜನ ಬಾಗಿಲು ಮುರಿದು ಬಿಡಿಸಿ ಕೆನಡಾಗೆ ಕಳಿಸಿದ್ರು. ಆ ಜನರನ್ನ ಕರೆದು ಸೇರಿಸಿದ್ದು ಶರ್ಮನ್ ಬೂತ್ ಅನ್ನೋ ಪತ್ರಿಕೆ ಸಂಪಾದಕ. ಅವನ ಕೇಸು ದೇಶದ ಸುಪ್ರೀಂ ಕೋರ್ಟಿನ ತನಕ ಹೋಯ್ತು, ಗುಲಾಮಗಿರಿ ವಿರೋಧಿಗಳಿಗೆ ಅವನು ಹೀರೋ. ಅದೇ ಮನುಷ್ಯನ ಮೇಲೆ 1859ರಲ್ಲಿ ಹದಿನಾಲ್ಕು ವರ್ಷದ ಹುಡುಗಿಯನ್ನ ಕೆಡಿಸಿದ ಅಂತ ಕೇಸು ನಡೀತು, ಜ್ಯೂರಿಯವರಲ್ಲಿ ಒಮ್ಮತ ಬರದೆ ಬಚಾವಾದ. ಅವನ ಹೆಂಡತಿ ಮೇರಿ, ಕವಿತೆ ಬರೀತಿದ್ದ ಹೆಂಗಸು, ಆರೋಗ್ಯ ಚೆನ್ನಾಗಿರಲಿಲ್ಲ. ಚೌಕದಲ್ಲಿ ಗ್ಲೋವರ್ ಬಗ್ಗೆ ಫಲಕ ಇದೆ, ಇರಬೇಕಾದ್ದೇ. ಮೇರಿ ಬಗ್ಗೆ ಏನೂ ಇಲ್ಲ.

ಮಟಿಲ್ಡೆ ಮನೆ ಆಗ ಹೇಗಿತ್ತು? 1858ರಲ್ಲಿ ಸಿಡುಬು ಬಂದು ಮಕ್ಕಳು ಹೋದ್ರು. ಗಂಡ ಫ್ರಿಟ್ಸ್‌ಗೆ ಸಿಡುಬಿನ ಲಸಿಕೆ ಮೇಲೆ ನಂಬಿಕೆ ಇರಲಿಲ್ಲ, ಮಕ್ಕಳಿಗೆ ಹಾಕಿಸಿರಲಿಲ್ಲ. ಚಿಕ್ಕವರಲ್ಲಿ ಉಳಿದಿದ್ದು ಮಗ ಪರ್ಸಿ, ಮಗಳು ಹೆರ್ಥಾ. ಆ ದುಃಖದಲ್ಲಿ ಮಿಲ್ವಾಕಿಗೆ ವಾಪಸ್ ಬಂದಾಗ ಮೇರಿಗೂ ಇವಳಿಗೂ ಗೆಳೆತನ ಬೆಳೀತು. ಒಬ್ಬಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಇನ್ನೊಬ್ಬಳಿಗೆ ಜರ್ಮನ್ ಆಗಿನ್ನೂ ಕಲಿಕೆ. ದೊಡ್ಡ ದೊಡ್ಡ ಸ್ವಾತಂತ್ರ್ಯದ ಮಾತಾಡೋ ಗಂಡಂದಿರು ಇಬ್ಬರಿಗೂ, ಅಷ್ಟು ಸಾಕಾಯ್ತು ಅನ್ಸುತ್ತೆ.

ಶನಿವಾರ

ವಾಟರ್‌ಟೌನ್, ಮಿಲ್ವಾಕಿಯಿಂದ ಪಶ್ಚಿಮಕ್ಕೆ ಒಂದು ಗಂಟೆ ದಾರಿ, ಮ್ಯಾಡಿಸನ್‌ಗೆ ಹೋಗೋ ಹಾದೀಲೇ. ಜೋಳದ ಹೊಲ, ಜೋಳದ ಹೊಲ, ಮತ್ತೆ ಜೋಳದ ಹೊಲ. ಊರಲ್ಲಿ 1854ರ ಎಂಟು ಮೂಲೆ ಮನೆ ಇದೆ, ಆಕ್ಟಗನ್ ಹೌಸ್, 57 ರೂಮು. ಅತ್ತೆಗೆ ಅದರ ಸುರುಳಿ ಮೆಟ್ಟಿಲು ಬಹಳ ಇಷ್ಟ ಆಯ್ತು, ನನಗೆ ಬೇಕಾಗಿದ್ದು ಅದರ ಅಂಗಳದಲ್ಲಿರೋ ಪುಟ್ಟ ಬಿಳೀ ಕಟ್ಟಡ. 1856ರಲ್ಲಿ ಮಾರ್ಗರೇಟೆ ಶುರ್ಟ್ಸ್ ಅನ್ನೋಳು ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ನಡೆಸಿದ್ದು ಇದರಲ್ಲಿ, ಆಮೇಲೆ ಇಲ್ಲಿಗೆ ತಂದಿಟ್ಟಿದಾರೆ. ಆಕೆಯ ಗಂಡ ಕಾರ್ಲ್ ಶುರ್ಟ್ಸ್ 1849ರ ದಂಗೆಯಲ್ಲಿ ಫ್ರಿಟ್ಸ್ ಆನೆಕೆ ಕೈಕೆಳಗೆ ಇದ್ದವನು, ಇಲ್ಲಿ ಸೆನೆಟರ್, ಮಂತ್ರಿ ಎಲ್ಲಾ ಆದ. ಫ್ರಿಟ್ಸ್‌ಗೆ ಯಾವುದೂ ಹತ್ತಲಿಲ್ಲ, ಯಾರ ಜೊತೆಗೂ ಹೊಂದಲಿಲ್ಲ, ಸಿವಿಲ್ ವಾರ್‌ನಲ್ಲಿ ಕರ್ನಲ್ ಆದವನು ಮೇಲಿನವರ ಜೊತೆ ಜಗಳ ಆಡ್ಕೊಂಡು ಸೈನ್ಯದಿಂದ ಹೊರಗೆ ಬಿದ್ದ. ಇದು ಬಿಟ್ರೆ ವಾಟರ್‌ಟೌನ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಗೈಡ್ ಹುಡುಗಿ ಚೆನ್ನಾಗಿ ಹೇಳಿದಳು, ಸೆಕೆ ಜಾಸ್ತಿ ಇತ್ತು, ಸ್ವೆಟರ್ ಕಾರಲ್ಲೇ ಇತ್ತು.

ಭಾನುವಾರ

ಮ್ಯಾಡಿಸನ್‌ನಲ್ಲಿ ರೆಸ್ಟು. ಕೆರೆ ದಡದಲ್ಲಿ ಕಲರ್ ಕಲರ್ ಕುರ್ಚಿ ಹಾಕಿರ್ತಾರೆ ಯೂನಿವರ್ಸಿಟಿಯವರು, ಅಲ್ಲಿ ಐಸ್‌ಕ್ರೀಮ್ ತಿಂದು ಕೂತ್ವಿ. ಗುರುತಿನ ಕನ್ನಡದ ಒಂದು ಫ್ಯಾಮಿಲಿ ರಾತ್ರಿ ಊಟಕ್ಕೆ ಕರೆದು ಬಿಸಿಬೇಳೆಬಾತ್ ಹಾಕಿದ್ರು. ಪುಣ್ಯಾತ್ಮರು.

ಸೋಮವಾರ

ಇದಕ್ಕೇ ಬಂದಿದ್ದು. ಸ್ಟೇಟ್ ಸ್ಟ್ರೀಟ್ ಕೊನೇಲಿ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿ, ಕಂಬಗಳ ದೊಡ್ಡ ಕಲ್ಲಿನ ಕಟ್ಟಡ. ಆನೆಕೆ ದಂಪತಿಯ ಕಾಗದಪತ್ರ ಇಲ್ಲಿದೆ. ಹೆಸರು ಬರೆಸಿ, ಬ್ಯಾಗು ಲಾಕರ್‌ಗೆ ಹಾಕಿ, ಪೆನ್ಸಿಲ್ ಮಾತ್ರ ತಗೊಂಡು ನಾಲ್ಕನೇ ಮಹಡಿಗೆ ಹೋದ್ವಿ. ನನಗೆ ಜರ್ಮನ್ ಬರಲ್ಲ, ಬಂದಿದ್ರೂ ಆ ಹಳೇ ಕೈಬರಹ ಇವತ್ತಿನ ಜರ್ಮನರಿಗೇ ಓದೋದು ಕಷ್ಟ, ಮೊನಚು ಮೊನಚು ಗೆರೆ, ಎಲ್ಲ ಅಕ್ಷರಾನೂ ಒಂದೇ ಥರ ಕಾಣುತ್ತೆ. ಪುಣ್ಯಕ್ಕೆ 1940ರಲ್ಲಿ ಹೆನ್ರಿಯೆಟ್ಟೆ ಹೈನ್ಸೆನ್ ಅನ್ನೋರು ಮಗಳು ಹೆರ್ಥಾ ಜೊತೆ ಸೇರಿ ಇಂಗ್ಲಿಷಲ್ಲಿ ಟೈಪ್ ಮಾಡಿಟ್ಟ ಜೀವನದ ಟಿಪ್ಪಣಿಗಳಿವೆ, ಪಂಡಿತರ ಅನುವಾದಗಳೂ ಈಗ ಬಂದಿವೆ, ಅದನ್ನ ಮೊದಲೇ ಓದ್ಕೊಂಡು ಹೋಗಿದ್ದೆ.

ಅತ್ತೆ ಹಾಳೆಗಳನ್ನ ನೋಡಿ "ನಾವು ಇನ್‌ಲ್ಯಾಂಡ್ ಲೆಟರ್ರಲ್ಲಿ ಮಡಿಚೋ ಅಂಚಲ್ಲೂ ಬರೀತಿದ್ವಲ್ಲ, ಹಂಗೇ ಇದೆ ನೋಡು" ಅಂದ್ರು. ಹೌದು, ಅಂಚೆ ಖರ್ಚು, ಜಾಗ ಬಿಡೋ ಮಾತೇ ಇಲ್ಲ.

1860ರ ಬೇಸಿಗೆಯಲ್ಲಿ ಮಟಿಲ್ಡೆ, ಮೇರಿ ಇಬ್ಬರೂ ಮಕ್ಕಳನ್ನ ಕಟ್ಕೊಂಡು ಜ್ಯೂರಿಕ್‌ಗೆ ಹೊರಟ್ರು. ಫ್ರಿಟ್ಸ್ ಅದಕ್ಕೂ ಮುಂಚೆಯೇ ಗ್ಯಾರಿಬಾಲ್ಡಿ ಯುದ್ಧದ ವರದಿ ಮಾಡ್ತೀನಿ ಅಂತ ಯೂರೋಪಿಗೆ ಹೋಗಿದ್ದ. ಸಿವಿಲ್ ವಾರ್ ಶುರುವಾದ ಮೇಲೆ ಅವನು ಅಮೆರಿಕಕ್ಕೆ ವಾಪಸ್ಸು, ಇವರಿಬ್ಬರು ಅಲ್ಲೇ, ಒಂದೇ ಮನೆ, ಒಂದೇ ಒಲೆ. ಬರವಣಿಗೆಯಿಂದಲೇ ಹೊಟ್ಟೆಪಾಡು. ಮಟಿಲ್ಡೆ ಜರ್ಮನ್ ಪತ್ರಿಕೆಗಳಿಗೆ ಅಮೆರಿಕದ ಗುಲಾಮಗಿರಿ ಬಗ್ಗೆ ಕಥೆಗಳನ್ನ ಬರೆದಳು, ಅದಕ್ಕೆ ಬೇಕಾದ ವಿವರ, ಮಾತು ಎಲ್ಲ ಮೇರಿಯಿಂದ. ಮೇರಿ ಜರ್ಮನ್ ಕವಿತೆಗಳನ್ನ ಇಂಗ್ಲಿಷಿಗೆ ತಂದಳು. ಫ್ರಿಟ್ಸ್‌ಗೆ ಬರೆದ ಕಾಗದಗಳ ತುಂಬ ಬಾಡಿಗೆ, ಮಕ್ಕಳ ಜ್ವರ, ಸ್ಕೂಲು, ಅವನಿಂದ ಬರದ ದುಡ್ಡು, ಮೇರಿಯ ಕೆಮ್ಮು. ಮಧ್ಯೆ ಮಧ್ಯೆ ಲಿಂಕನ್ನು, ಯುದ್ಧ, ಗುಲಾಮಗಿರಿ. ಇವೆರಡನ್ನೂ ಬೇರೆ ಪ್ಯಾರಾ ಮಾಡಿ ಬರೆಯೋ ಅಭ್ಯಾಸ ಆಕೆಗೆ ಇರಲಿಲ್ಲ. ಇದು ನನಗೆ ಬಹಳ ಹಿಡಿಸ್ತು. ಚಳವಳಿ ಇತಿಹಾಸ ಬರೆಯೋರು ಭಾಷಣ, ಠರಾವು, ಸಮಾವೇಶ ಇದನ್ನೇ ಬರೀತಾರೆ, ಆದ್ರೆ ಭಾಷಣ ಮಾಡೋಳ ಮಕ್ಕಳನ್ನ ಆವತ್ತು ಯಾರು ನೋಡ್ಕೊಂಡ್ರು, ಟಿಕೆಟ್ಟಿಗೆ ದುಡ್ಡು ಯಾರು ಕೊಟ್ರು, ಇದು ಕಾಗದದಲ್ಲಿ ಮಾತ್ರ ಸಿಗೋದು.

ಇನ್ನೊಂದು ವಿಷಯ. ಒಂದೇ ಮನೇಲಿದ್ದಷ್ಟು ದಿನ ಒಬ್ಬರಿಗೊಬ್ಬರು ಕಾಗದ ಬರೆಯೋ ಕೆಲಸ ಎಲ್ಲಿರುತ್ತೆ? ಹತ್ತಿರ ಇದ್ದ ಆ ವರ್ಷಗಳು ಬೇರೆಯವರಿಗೆ ಬರೆದ ಕಾಗದದ ಸಂದಿಯಿಂದ ಮಾತ್ರ ಕಾಣೋದು. ಕ್ಷಯ ಜಾಸ್ತಿಯಾಗಿ 1864ರಲ್ಲಿ ಮೇರಿ ಅಮೆರಿಕಕ್ಕೆ ಹೊರಟಳು. ಆಮೇಲೆ ಇಬ್ಬರ ಮಧ್ಯೆ ಸಮುದ್ರ ದಾಟೋ ಕಾಗದ, ಉತ್ತರ ಬರೋಕೆ ವಾರಗಟ್ಟಲೆ. 1865ರಲ್ಲಿ ನ್ಯೂಯಾರ್ಕಲ್ಲಿ ಮೇರಿ ಸತ್ತಳು. ಅವರದು ಬರೀ ಗೆಳೆತನವಾ, ಪ್ರೇಮವಾ ಅಂತ ವಿದ್ವಾಂಸರು ಚರ್ಚೆ ಮಾಡ್ತಾರೆ. ಅತ್ತೆ ಹತ್ತಿರ ಇದನ್ನ ಹೇಳೋದೋ ಬೇಡವೋ ಅಂತ ನಾನು ಯೋಚಿಸ್ತಿದ್ರೆ ಅವರೇ, "ಗಂಡಂದಿರಿಗಿಂತ ಚೆನ್ನಾಗಿ ಸಂಸಾರ ಮಾಡಿದಾರೆ" ಅಂದ್ರು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದ್ರು, ರೀಡಿಂಗ್ ರೂಮಲ್ಲಿ ಅತ್ತೆ ಧ್ವನಿ ಕ್ಲಾಸ್‌ರೂಮ್ ಧ್ವನಿ.

ಅದೇ 1865ರಲ್ಲಿ ಮಟಿಲ್ಡೆ ಸೆಸಿಲಿಯೆ ಕಾಪ್ ಅನ್ನೋ ಇನ್ನೊಬ್ಬ ಗೆಳತಿ ಜೊತೆ ಮಿಲ್ವಾಕಿಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆದಳು, ಕಾಪ್ ಮುಂದೆ ವ್ಯಾಸರ್ ಕಾಲೇಜಿಗೆ ಜರ್ಮನ್ ಕಲಿಸೋಕೆ ಹೋದ್ರು, ಇವಳು ಸಾಯೋ ತನಕ ಶಾಲೆ ನಡೆಸಿದಳು. ಇಂಥ ಮನೆಗಳು ಬೇರೆ ಕಡೆನೂ ಇದ್ವು. ಬಾಸ್ಟನ್‌ನಲ್ಲಿ ಬರ್ಲಿನ್ ಹುಟ್ಟಿನ ಡಾಕ್ಟರ್ ಮರೀ ಜಾಕ್ರ್ಜೆವ್ಸ್ಕಾ, 1862ರಲ್ಲಿ ಹೆಂಗಸರು ಮಕ್ಕಳ ಆಸ್ಪತ್ರೆ ಕಟ್ಟಿದವರು (ಅಲ್ಲಿಯ ಜನಕ್ಕೂ ಹೆಸರು ಬಾಯಿಗೆ ಬರದೆ ಡಾಕ್ಟರ್ ಜ್ಯಾಕ್ ಅಂತಿದ್ರು), ಗೆಳತಿ ಜೂಲಿಯಾ ಸ್ಪ್ರೇಗ್ ಜೊತೆ ಒಂದೇ ಮನೇಲಿದ್ರು, ಅದೇ ಮನೇಲಿ ಜರ್ಮನ್ ಸಂಪಾದಕ ಕಾರ್ಲ್ ಹೈನ್ಸೆನ್ ಸಂಸಾರ ಕೂಡ.

ಮಧ್ಯಾಹ್ನದ ಮೇಲೆ 1869 ನೋಡಿದೆ. ಆ ಫೆಬ್ರವರಿಯಲ್ಲಿ ಮಿಲ್ವಾಕಿಯಲ್ಲಿ ಡಾಕ್ಟರ್ ಲಾರಾ ರಾಸ್ ಮುಂತಾದವರು ಸೇರಿ ವೋಟಿನ ಹಕ್ಕಿನ ಸಮಾವೇಶ ಮಾಡಿದ್ರು, ವೋಟಿನ ಚಳವಳಿಯ ದೊಡ್ಡ ನಾಯಕಿಯರಾದ ಎಲಿಜಬೆತ್ ಕೇಡಿ ಸ್ಟಾಂಟನ್, ಸೂಸನ್ ಆಂಥನಿ ಬಂದ್ರು. ಅಲ್ಲಿಂದ ಮಟಿಲ್ಡೆ ಅವರ ಆಪ್ತ ಬಳಗದವಳು, ಅವರ ರಾಷ್ಟ್ರೀಯ ಸಂಘದಲ್ಲಿ ವಿಸ್ಕಾನ್ಸಿನ್ ಪರವಾಗಿ ಉಪಾಧ್ಯಕ್ಷೆ. ಆದ್ರೆ ಅದಕ್ಕೆ ಕೆಲವೇ ವಾರ ಮುಂಚೆ, 1868ರ ಡಿಸೆಂಬರಲ್ಲಿ, ಇದೇ ಸ್ಟಾಂಟನ್ ತಮ್ಮ ಪತ್ರಿಕೇಲಿ ಏನು ಬರೆದಿದ್ರು ಗೊತ್ತಾ, ರಾಜಪ್ರಭುತ್ವಕ್ಕೂ ಗಣರಾಜ್ಯಕ್ಕೂ ವ್ಯತ್ಯಾಸ ತಿಳಿಯದ ಐರಿಷ್ ಪ್ಯಾಟ್ರಿಕ್ಕು, ಜರ್ಮನ್ ಹಾನ್ಸು, ಚೀನಾದ ಯುಂಗ್ ಟುಂಗು, ಜೊತೆಗೆ ಕಪ್ಪು ಜನಕ್ಕೆ ಒಂದು ಹೀನ ಹೆಸರು ಹಿಡಿದು, ಇಂಥವರೆಲ್ಲ ನಮ್ಮ ಹೆಂಗಸರಿಗೆ ಕಾನೂನು ಮಾಡಬೇಕಾ ಅಂತ. ಆ 'ನಮ್ಮ ಹೆಂಗಸರ' ಪಟ್ಟೀಲಿ ಅರ್ನೆಸ್ಟೀನ್ ರೋಸ್ ಹೆಸರೂ ಇತ್ತು, ಪೋಲೆಂಡಿಂದ ಬಂದ, ಮಟಿಲ್ಡೆ ಮಾತನ್ನ ಜನಕ್ಕೆ ಮುಟ್ಟಿಸಿದ ಅದೇ ರೋಸ್! ಗಣರಾಜ್ಯಕ್ಕೋಸ್ಕರ ಕುದುರೆ ಹತ್ತಿ ದೇಶ ಕಳ್ಕೊಂಡವಳು ಇಂಥ ಗೆಳತಿಯ ಜೊತೆ 1869ರ ಮೇ ತಿಂಗಳಲ್ಲಿ ನ್ಯೂಯಾರ್ಕಲ್ಲಿ ಒಂದೇ ವೇದಿಕೆ ಹತ್ತಿದಳು.

ಸ್ಟಾಂಟನ್ ಮಾತು ನನಗೆ ಸಣ್ಣತನ ಅಂತಲೇ ಅನ್ಸುತ್ತೆ, ಕಾಲ ಹಂಗಿತ್ತು ಅಂತ ತೇಲಿಸೋಕೆ ನನಗಿಷ್ಟ ಇಲ್ಲ, ಆ ಕಾಲದಲ್ಲೇ ಅದನ್ನ ವಿರೋಧಿಸಿದವರಿದ್ರು. ಆದ್ರೂ ಮಟಿಲ್ಡೆ ಗೆಳೆತನ ಬಿಡಲಿಲ್ಲ ಅನ್ನೋದನ್ನ ನಾನು ಅರ್ಥ ಮಾಡ್ಕೋಬಲ್ಲೆ. ನೀನು ಬೇರೆ ಥರ, ಉಳಿದ ನಿಮ್ಮವರ ಥರ ಅಲ್ಲ ಅಂತ ಹೊಗಳೋ ಫ್ರೆಂಡ್ಸ್ ಇಲ್ಲಿ ನಮಗೂ ಇದಾರಲ್ಲ, ಅವರನ್ನ ನಾವೇನು ಬಿಟ್ಟಿದೀವಾ.

ಫ್ರಿಟ್ಸ್ 1872ರಲ್ಲಿ ಶಿಕಾಗೋದಲ್ಲಿ ಅಗೆದಿದ್ದ ಗುಂಡಿಗೆ ಬಿದ್ದು ಸತ್ತ. ಮಗ ಪರ್ಸಿ ಏನಾದ ಅಂತ ಅತ್ತೆ ಕೇಳಿದ್ರು, ಮೊದಲು ಶ್ಲಿಟ್ಸ್ ಕಂಪನಿ, ಆಮೇಲೆ ಮಿನೆಸೋಟದ ಡುಲುತ್‌ನಲ್ಲಿ ಫಿಟ್ಗರ್ ಬಿಯರ್ ಕಂಪನಿಯ ಪಾಲುದಾರ ಆದ ಅಂದೆ. ಅವರು ನಕ್ಕಿದ್ದು ನೋಡಿ ಮೇಲ್ವಿಚಾರಕರು ಈ ಸಲ ಎದ್ದೇ ಬಂದ್ರು. ಆ ಫ್ಯಾಕ್ಟರಿ ಕಟ್ಟಡ ಈಗ ಹೋಟೆಲ್ಲಂತೆ, ರೂಮು ಕೊಡ್ತಾರಂತೆ. ಅತ್ತೆಗೆ ವೀಸಾ ಅಕ್ಟೋಬರ್ ತನಕ ಇದೆ, ಡುಲುತ್ ಅಂದ್ರೆ ಇಲ್ಲಿಂದ ಐದು ಗಂಟೆ ಮೇಲೆ ಡ್ರೈವು, ಸ್ವೆಟರ್‌ಗೂ ಕೆಲಸ ಬರುತ್ತೆ ಅಂತ ಅವರೇ ವಾದ ಹೂಡಿದಾರೆ.